ಮದುವೆ ವಿಡಿಯೊ ಮಾಡೋರು ಕ್ಯಾಮೆರಾಗಿಂತ ಮುಂಚೆ ಡಿಸ್ಕ್ ತಗೊಳ್ಳಿ

ಹಾಸನದಲ್ಲಿ ಹೊಸದಾಗಿ ಮದುವೆ ವಿಡಿಯೊ ಶುರು ಮಾಡುವ ಹುಡುಗರು ಇದ್ದಬದ್ದ ದುಡ್ಡನ್ನೆಲ್ಲ ಕ್ಯಾಮೆರಾಗೇ ಸುರಿಯುತ್ತಾರೆ. ಅದು ತಪ್ಪು. ಈ ಕಸುಬು ದೊಡ್ಡ ಸ್ಟುಡಿಯೊಗಳಿಂದ ನಮ್ಮ ಬೀದಿಗೆ ಇಳಿದದ್ದೇ ಮನೆಯ ಕಂಪ್ಯೂಟರು ಮತ್ತು ಅದರ ಡಿಸ್ಕಿನಿಂದ.

1990ರಲ್ಲಿ ಅಮೆರಿಕದಲ್ಲಿ ಅಮಿಗಾ ಕಂಪ್ಯೂಟರಿಗೆ ‘ವಿಡಿಯೊ ಟೋಸ್ಟರ್’ ಕಾರ್ಡ್ ಬಂತು. ಕ್ಯಾಮೆರಾ ಬದಲಿಸುವ ಸ್ವಿಚರ್, ಎಫೆಕ್ಟ್, ಟೈಟಲ್ ಎಲ್ಲವೂ ಒಂದರಲ್ಲೇ. ಆದರೆ ಅದು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಗೆ ಮಾತ್ರ, ಆಗ ನಮ್ಮದು ಪಾಲ್ ಪದ್ಧತಿ. ನಮ್ಮ ಕಡೆಗೆ ದಾರಿ ಮಾಡಿದ್ದು 1995ರಲ್ಲಿ ಬಂದ ಡಿವಿ ಎಂಬ ಡಿಜಿಟಲ್ ಟೇಪು ಮತ್ತು ಅದನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕೇಬಲ್. ವಿಎಚ್‌ಎಸ್ ಎಂಬ ಹಳೆಯ ಟೇಪನ್ನು ಕಾಪಿ ಮಾಡಿದಷ್ಟೂ ಚಿತ್ರ ಮಸುಕಾಗುತ್ತಿತ್ತು. ಡಿವಿಯಲ್ಲಿ ಟೇಪಿನಲ್ಲಿದ್ದ ಡೇಟಾ ಹಾಗೇ ಡಿಸ್ಕಿಗೆ ಇಳಿಯಿತು. ಸೆಕೆಂಡಿಗೆ 3.6 ಎಂಬಿ, ಗಂಟೆಗೆ ಸುಮಾರು 13 ಜಿಬಿ. ಸಾಧಾರಣ ಡಿಸ್ಕ್ ತಡೆಯುವ ಭಾರ ಅದು. ಅಷ್ಟರಿಂದಲೇ ಬೆಂಗಳೂರಿಗೆ ಹೋಗದೆ ಊರಲ್ಲೇ ಎಡಿಟಿಂಗ್ ಸಾಧ್ಯವಾಯಿತು.

ಈಗಲೂ ಲೆಕ್ಕ ಡಿಸ್ಕಿನಿಂದಲೇ ಶುರುವಾಗಬೇಕು. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ತೆಗೆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಆರು ಗಂಟೆ: 540 ಜಿಬಿ. ಇನ್ನೊಂದು ಡಿಸ್ಕಿನಲ್ಲಿ ಕಾಪಿ ಬೇಕೇ ಬೇಕು. ಎರಡೂ ಕಾಪಿ ತೆರೆದು ನೋಡುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಎಡಿಟಿಂಗ್ ಸಾಫ್ಟ್‌ವೇರಿಗೆ ದುಡ್ಡು ಬೇಡ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಮೊದಲ ಕ್ಲಿಪ್ ಹಾಕುವ ಮುಂಚೆಯೇ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) 25 ಇಡಿ, ಆಮೇಲೆ ಅದು ಬದಲಾಗದು. 4ಕೆ ತಡವರಿಸಿದರೆ ಕ್ಲಿಪ್ ಇಡುವ ಮೀಡಿಯಾ ಪೂಲ್‌ನಲ್ಲಿ ಪ್ರಾಕ್ಸಿ, ಅಂದರೆ ಹಗುರವಾದ ಕಾಪಿ, ಮಾಡಿಕೊಂಡು ಕತ್ತರಿಸಿ; 16 ಜಿಬಿ ರ‍್ಯಾಮ್‌ನ ಕಂಪ್ಯೂಟರೂ ಓಡುತ್ತದೆ. ಛತ್ರದ ಟ್ಯೂಬ್‌ಲೈಟ್ ಮಿನುಗದಿರಲು ಶಟರ್ 1/50, ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ.

ಹೆಚ್ಚು ಕಾಡುವುದು ಮೊಬೈಲಿನ ಕ್ಲಿಪ್. ಗಟ್ಟಿಮೇಳದ ಹೊತ್ತು ನೋಡಿ: ಶುರುವಿನಲ್ಲಿ ಡೋಲಿನ ಮೇಲೆ ಕೋಲು ಬೀಳುವುದೂ ಸದ್ದೂ ಒಟ್ಟಿಗಿರುತ್ತವೆ, ಹತ್ತು ನಿಮಿಷ ಆದಮೇಲೆ ಕೋಲು ಮೇಲೆದ್ದಾಗ ಸದ್ದು ಬರುತ್ತದೆ. ಬೆಳಕು ಕಮ್ಮಿಯಾದಾಗ ಮೊಬೈಲು ಫ್ರೇಮ್ ರೇಟ್ ತಾನೇ ಇಳಿಸಿಕೊಳ್ಳುತ್ತದೆ, ಎಡಿಟಿಂಗ್ ಸಾಫ್ಟ್‌ವೇರು ಒಂದೇ ಸಮ ಅಂದುಕೊಳ್ಳುತ್ತದೆ. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಲ್ಲಿ ‘ಕಾನ್ಸ್‌ಟಂಟ್ ಫ್ರೇಮ್‌ರೇಟ್’ ಆರಿಸಿ ಬದಲಾಯಿಸಿಕೊಂಡೇ ಟೈಮ್‌ಲೈನಿಗೆ ತನ್ನಿ. ಧ್ವನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡುವುದಾದರೆ 48 ಕಿಲೋಹರ್ಟ್ಸ್‌ನಲ್ಲೇ ಮಾಡಿ. ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲೂ ಒಂದು. ಎರಡು ಚಪ್ಪಾಳೆಯಲ್ಲೂ ಚಿತ್ರ, ಸದ್ದು ಕೂಡಿದರೆ ನಡುವೆ ಎಲ್ಲೂ ಜಾರಿಲ್ಲ ಅಂತ ನಂಬಬಹುದು.

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಯುಪಿಎಸ್ ಇಲ್ಲದೆ ರೆಂಡರ್ (ಎಡಿಟ್ ಮಾಡಿದ್ದನ್ನು ಒಂದು ಫೈಲಾಗಿ ಹೊರತೆಗೆಯುವುದು) ಹಾಕಲೇಬೇಡಿ. ಎಂಪಿ4 ಫೈಲಿನ ಸೂಚಿ (ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ) ಸಾಮಾನ್ಯವಾಗಿ ಕೊನೆಗೆ ಬರೆಯಲ್ಪಡುತ್ತದೆ. ನೂರಕ್ಕೆ 95 ಭಾಗ ಆದಮೇಲೆ ಕರೆಂಟ್ ಹೋದರೂ ಆ ಫೈಲು ತೆರೆಯುವುದಿಲ್ಲ. ಚಪ್ಪರ, ಧಾರೆ, ಆರತಕ್ಷತೆ ಬೇರೆಬೇರೆಯಾಗಿ ರೆಂಡರ್ ಮಾಡಿಕೊಂಡರೆ ಹೋಗುವುದು ಒಂದು ತುಂಡು ಮಾತ್ರ.