ಸತ್ಯಾಂಶ: ಇಲಿ ನೋಡೋ ಡಾಕ್ಟರಿಗೆ ಓದೇ ಬೇಡವಂತೆ!

ಮಂಡ್ಯದ ನಮ್ಮ ಹೈನುಗಾರರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆಯಿಂದ ಒಂದು ಫಾರ್ವರ್ಡ್ ಸುತ್ತುತ್ತಿದೆ. "ಹಸು, ಎಮ್ಮೆ ನೋಡೋಕೆ ಬಾರದ ಡಾಕ್ಟರುಗಳು ಲ್ಯಾಬಿನಲ್ಲಿ ಇಲಿ ಕಾಯ್ತಾರೆ. ಅದಕ್ಕೆ ತರಬೇತಿನೂ ಬೇಡ."

ಇದು ತಪ್ಪು. ಹಸು ನೋಡುವವರೂ ಇಲಿ ನೋಡುವವರೂ ಮೊದಲು ಓದುವುದು ಅದೇ ಪಶುವೈದ್ಯ ಪದವಿ. ನಮ್ಮಲ್ಲಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಮೆರಿಕದಲ್ಲಿ ಲ್ಯಾಬ್ ಪ್ರಾಣಿಗಳ ತಜ್ಞರಾಗಲು ಪದವಿಯ ಮೇಲೆ ಅದಕ್ಕೆಂದೇ ರೆಸಿಡೆನ್ಸಿ, ಅಂದರೆ ಕೆಲಸ ಮಾಡುತ್ತಾ ಕಲಿಯುವ ತರಬೇತಿ ಇದೆ, ಸಾಮಾನ್ಯವಾಗಿ 2ರಿಂದ 3 ವರ್ಷ. ಜೊತೆಗೆ ಸ್ವಂತ ಸಂಶೋಧನಾ ಲೇಖನ ಪ್ರಕಟವಾಗಬೇಕು, ಕಠಿಣ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆ ನಡೆಸುವ ತಜ್ಞರ ಸಂಸ್ಥೆ ಶುರುವಾಗಿದ್ದು 1957ರಲ್ಲಿ.

ಇಷ್ಟೆಲ್ಲ ಯಾಕೆ ಅಂದರೆ, ಇಲಿ ನೋವನ್ನು ಬಚ್ಚಿಡುತ್ತದೆ. ಹಸು ಮೇವು ಬಿಟ್ಟರೆ ನಮಗೇ ಗೊತ್ತಾಗುತ್ತದೆ, ಅಲ್ವಾ? ಸುಂಡಿಲಿ ಹಾಗಲ್ಲ. ಕಣ್ಣು ಸ್ವಲ್ಪ ಕಿರಿದಾಗುತ್ತದೆ, ಕಿವಿ ಹಿಂದಕ್ಕೆ ಬಾಗುತ್ತದೆ, ಅಷ್ಟೇ. ದೊಡ್ಡ ಇಲಿಯ ಕಣ್ಣಂಚಿನಲ್ಲಿ ಕೆಂಪು ಕಂಡರೆ ಹೊಸಬರು ರಕ್ತ ಅಂದುಕೊಳ್ಳುತ್ತಾರೆ. ಅದು ಕಣ್ಣಿನ ಹಿಂದಿನ ಗ್ರಂಥಿಯಿಂದ ಒಸರುವ ಬಣ್ಣ. ಪ್ರಾಣಿ ಒತ್ತಡದಲ್ಲಿದೆ ಅಥವಾ ಹುಷಾರಿಲ್ಲ ಅನ್ನುವ ಗುರುತು. ಇನ್ನು ಅರಿವಳಿಕೆ ಕೊಟ್ಟರಂತೂ 25 ಗ್ರಾಂ ತೂಕದ ಸುಂಡಿಲಿ ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಕೆಳಗೆ ಬೆಚ್ಚನೆಯ ಹಾಸು ಇಡದಿದ್ದರೆ ಸತ್ತೇ ಹೋಗಬಹುದು.

ನಮ್ಮ ದೇಶದಲ್ಲೂ ಸುಮ್ನೆ ಬಿಟ್ಟಿಲ್ಲ. ಪ್ರಾಣಿ ಪ್ರಯೋಗ ಮಾಡುವ ಸಂಸ್ಥೆಯ ನೈತಿಕ ಸಮಿತಿಯಲ್ಲಿ ಪಶುವೈದ್ಯರೊಬ್ಬರು ಇರಲೇಬೇಕು.

ಅಂದಹಾಗೆ, ಆ ಫಾರ್ವರ್ಡ್ ಕಳಿಸಿದ ನಮ್ಮ ಚಿಕ್ಕಪ್ಪನೇ ಕಳೆದ ವಾರ ಕರುವಿಗೆ ಇಂಜೆಕ್ಷನ್ ಹಾಕಿಸಲು ಡಾಕ್ಟರಿಗೆ ಮೂರು ಸಲ ಫೋನ್ ಮಾಡಿದ್ದರು.