ವ್ಯಾನ್ ಬಂತು, ಟಿವಿ ಆರಿಸಿ

ನಾನು ಇಂಗ್ಲೆಂಡಿಗೆ ಬಂದು ಹನ್ನೆರಡು ವರ್ಷವಾಯಿತು. ಪಕ್ಕದ ಮನೆಯ ಅಜ್ಜಿ ಒಂದು ದಿನ ಟೀ ಕುಡಿಯುತ್ತಾ ತಮ್ಮ ಬಾಲ್ಯದ ಕಥೆ ಹೇಳಿದರು. ಬೀದಿಯ ಕೊನೆಯಲ್ಲಿ ಲೈಸೆನ್ಸ್ ಇಲ್ಲದ ಟಿವಿ ಹುಡುಕುವ ವ್ಯಾನ್ ಕಂಡರೆ ಸಾಕು, ಅವರಮ್ಮ ಓಡಿಹೋಗಿ ಟಿವಿ ಆರಿಸಿ, ಪರದೆ ಎಳೆದು, ಮಕ್ಕಳನ್ನೆಲ್ಲ ಸದ್ದಿಲ್ಲದೆ ಕೂರಿಸುತ್ತಿದ್ದರಂತೆ. ಟಿವಿ ನೋಡಲು ಬೇಕಾದ ಲೈಸೆನ್ಸಿಗೆ ಕಟ್ಟಲು ಮನೆಯಲ್ಲಿ ದುಡ್ಡಿರಲಿಲ್ಲ.

ಇಲ್ಲಿ ಟಿವಿ ಲೈಸೆನ್ಸ್ ಶುರುವಾಗಿದ್ದು 1946ರಲ್ಲಿ, ವರ್ಷಕ್ಕೆ 2 ಪೌಂಡ್. ಕಟ್ಟದವರನ್ನು ಹುಡುಕಲು ಅಂಚೆ ಇಲಾಖೆ 1952ರಲ್ಲಿ ವ್ಯಾನುಗಳನ್ನು ಬೀದಿಗಿಳಿಸಿತು. ಹಳೆಯ ಟಿವಿಯಲ್ಲಿ ಚಿತ್ರ ಮೂಡಿಸಲು ಸೆಕೆಂಡಿಗೆ 10,125 ಗೆರೆ ಎಳೆಯಬೇಕಿತ್ತು, ಅದಕ್ಕೆ ಟ್ಯೂಬಿನ ಸುತ್ತ ತಂತಿಯ ಸುರುಳಿ. ಆ ಸುರುಳಿಯ ಕಾಂತಕ್ಷೇತ್ರ ಗೋಡೆ ದಾಟಿ ಹೊರಗೂ ಬರುತ್ತಿತ್ತು, ವ್ಯಾನಿನ ಮೇಲಿನ ಬಳೆಯಂಥ ಆಂಟೆನಾ ಅದನ್ನು ಹಿಡಿಯುತ್ತಿತ್ತು. ಆಮೇಲಿನ ವ್ಯಾನುಗಳು ಟಿವಿಯೊಳಗಿನ ಆಸಿಲೇಟರಿನ (ಚಾನೆಲ್ ಹಿಡಿಯಲು ಅಲೆ ಹುಟ್ಟಿಸುವ ಭಾಗ) ಅಲೆಯನ್ನೇ ಹುಡುಕುತ್ತಿದ್ದವು. ಜಾಣ ಎಂಜಿನಿಯರಿಂಗ್, ಒಪ್ಪುತ್ತೇನೆ. ಆದರೆ ವ್ಯಾನಿನ ಮೈಮೇಲೆ ಅದು ಏನೆಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದು, ಟಿವಿಯಲ್ಲೇ ಅದರ ಜಾಹೀರಾತು ತೋರಿಸಿದ್ದು ಯಾಕೆ? ಜನ ಹೆದರಲಿ ಅಂತಲೇ ಅಲ್ವಾ?

ನಮ್ಮಲ್ಲೂ ಲೈಸೆನ್ಸ್ ಇತ್ತು. ಅಪ್ಪನ ರೇಡಿಯೋ ಲೈಸೆನ್ಸ್ ಪುಸ್ತಕ ಹಾಸನದ ಮನೆಯ ಬೀರುವಿನಲ್ಲಿ ಈಗಲೂ ಇದೆ. ವರ್ಷಕ್ಕೆ 15 ರೂಪಾಯಿ, ಅಂಚೆ ಕಚೇರಿಗೆ ಹೋಗಿ ಕಟ್ಟಿ, ಸ್ಟ್ಯಾಂಪ್ ಅಂಟಿಸಿಕೊಂಡು ಬರಬೇಕು. ಇನ್‌ಸ್ಪೆಕ್ಟರ್ ಮನೆಗೆ ಬಂದು ಪುಸ್ತಕ ಕೇಳಬಹುದಿತ್ತು, ರೇಡಿಯೋ ಎತ್ತಿಕೊಂಡೂ ಹೋಗಬಹುದಿತ್ತು. ಹಾಗಾಗಿ ನಮ್ಮದು ಭಾರಿ ಒಳ್ಳೆಯ ಪದ್ಧತಿ ಅಂತ ನಾನು ಹೇಳುವುದಿಲ್ಲ. ಆದರೂ ಪುಸ್ತಕ ತೋರಿಸಿ ಅಂತ ಬಾಗಿಲಲ್ಲಿ ನಿಂತು ಕೇಳುವುದಕ್ಕೂ, ಗೋಡೆಯಾಚೆಯಿಂದ ಮನೆಯೊಳಗೆ ಇಣುಕುವುದಕ್ಕೂ ವ್ಯತ್ಯಾಸವಿದೆ.

1980ರ ದಶಕದಲ್ಲಿ ನಾವು ಲೈಸೆನ್ಸನ್ನೇ ಕೈಬಿಟ್ಟೆವು. ದೂರದರ್ಶನ ಸರ್ಕಾರದ ದುಡ್ಡು ಮತ್ತು ಜಾಹೀರಾತು ನಂಬಿಕೊಂಡಿತು, ಸುದ್ದಿಯೂ ಸರ್ಕಾರದ ಸುದ್ದಿಯೇ ಆಯಿತು. ಇಲ್ಲಿ ಲೈಸೆನ್ಸಿನ ದುಡ್ಡಿನಿಂದ ನಡೆಯುವ ಬಿಬಿಸಿಯಲ್ಲಿ ನನ್ನ ಮಗಳು ಒಂದೂ ಜಾಹೀರಾತಿಲ್ಲದೆ ಕಾರ್ಯಕ್ರಮ ನೋಡುತ್ತಾಳೆ. ಅದಕ್ಕೇ ನಾನು ಪ್ರತಿ ವರ್ಷ ಮನಸಾರೆ ದುಡ್ಡು ಕಟ್ಟುತ್ತೇನೆ.

ನನ್ನ ತಕರಾರು ದುಡ್ಡಿನದ್ದಲ್ಲ. ಕಟ್ಟದೆ ಟಿವಿ ನೋಡುವುದು ಇಲ್ಲಿ ಇವತ್ತಿಗೂ ಅಪರಾಧ, 1,000 ಪೌಂಡ್‌ವರೆಗೆ ದಂಡ. ಶಿಕ್ಷೆಯಾಗುವವರಲ್ಲಿ ಹೆಂಗಸರೇ ಜಾಸ್ತಿ, ಯಾಕೆಂದರೆ ಬಾಗಿಲು ತಟ್ಟಿದಾಗ ಮನೆಯಲ್ಲಿ ಇರುವವರು ಹೆಚ್ಚಾಗಿ ಅವರೇ. ಅಜ್ಜಿಯ ಅಮ್ಮನ ಥರದವರು. ಬಿಬಿಸಿ ಹೇಗೆ ನಡೆಯಬೇಕೆಂದು ಹೇಳುವ ಈಗಿನ ಸನ್ನದು (ಚಾರ್ಟರ್) 2027ರ ಕೊನೆಗೆ ಮುಗಿಯುತ್ತದೆ. ಹೊಸದನ್ನು ಬರೆಯುವಾಗ ಶುಲ್ಕ ಇಟ್ಟುಕೊಳ್ಳಲಿ, ಕೋರ್ಟಿಗೆ ಎಳೆಯುವುದನ್ನು ಬಿಡಲಿ.