ಬೂಷ್ಟಿಗೆ ಉನ್ನತ ಶಿಕ್ಷಣ

ಕಸ ವಿಲೇವಾರಿಯ ಕ್ಷೇತ್ರದಲ್ಲಿ ತರಬೇತಿಯೇ ಇಲ್ಲವೆಂದು ದೂರುವವರು ಕಣ್ಣು ತೆರೆದು ನೋಡಿಲ್ಲ. ಭರ್ಜರಿ ತರಬೇತಿ ನಡೆಯುತ್ತಿದೆ. ಪೌರಕಾರ್ಮಿಕರ ಬದಲು ಬೂಷ್ಟು ಅದರ ಲಾಭ ಪಡೆಯುತ್ತಿದೆ, ಅಷ್ಟೆ.

ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಈ ಶಿಲೀಂಧ್ರದ ಪ್ರಾಥಮಿಕ ಶಿಕ್ಷಣ ಹೊಲ, ತೋಟಗಳಲ್ಲಿ ಆಗುತ್ತದೆ. ಅಡಿಕೆಯ ಎಲೆಚುಕ್ಕಿಗೆ ಪ್ರೊಪಿಕೊನಜೋಲ್, ದ್ರಾಕ್ಷಿಯ ಬೂದಿರೋಗಕ್ಕೆ ಟೆಬುಕೊನಜೋಲ್, ಭತ್ತಕ್ಕೆ ಹೆಕ್ಸಕೊನಜೋಲ್ ಎಂದು ನಾವು ಶಿಲೀಂಧ್ರನಾಶಕ ಸಿಂಪಡಿಸುತ್ತೇವೆ. ಇದೇ ಬೂಷ್ಟು ಶ್ವಾಸಕೋಶ ಹೊಕ್ಕಾಗ ವೈದ್ಯರು ಬರೆಯುವ ವೋರಿಕೊನಜೋಲ್, ಇಟ್ರಾಕೊನಜೋಲ್‌ಗಳೂ ಅದೇ ಅಜೋಲ್ ಮನೆತನದವು; ಹೊಲದಲ್ಲಿ ಒಂದಕ್ಕೆ ಜಗ್ಗದಿರಲು ಕಲಿತ ಬೂಷ್ಟು ಆಸ್ಪತ್ರೆಯಲ್ಲಿ ಇನ್ನೊಂದಕ್ಕೂ ಜಗ್ಗದಿರಬಹುದು. ಪ್ರಶ್ನೆಪತ್ರಿಕೆ ಸೋರಿಕೆ ನಮಗೆ ಹೊಸದಲ್ಲ, ಆದರೆ ಇಲ್ಲಿ ಅದನ್ನು ಸಬ್ಸಿಡಿ ಕೊಟ್ಟು ಸೋರಿಸಲಾಗುತ್ತದೆ. 2012ರಲ್ಲೇ ಭಾರತದ ಗದ್ದೆ, ಚಹಾ ತೋಟ, ಹೂಕುಂಡಗಳ ಮಣ್ಣಿನಲ್ಲಿ ಅಜೋಲ್‌ಗೆ ಜಗ್ಗದ ತಳಿಗಳು ಸಿಕ್ಕಿದ್ದವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಶಿಲೀಂಧ್ರವನ್ನು ರೋಗಕಾರಕ ಶಿಲೀಂಧ್ರಗಳ ಪಟ್ಟಿಯ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಿತು. ಇಷ್ಟು ಬೇಗ ಬಡ್ತಿ ಪಡೆದ ಪೌರಕಾರ್ಮಿಕರನ್ನು ನಾನಂತೂ ಕಂಡಿಲ್ಲ.

ಉನ್ನತ ಶಿಕ್ಷಣ ಗೊಬ್ಬರದ ರಾಶಿಯಲ್ಲಿ. ಸಿಂಪಡಣೆಯ ಶೇಷ ಹೊತ್ತ ಸೊಪ್ಪು, ಸಿಪ್ಪೆ, ಹೂವುಗಳು ಕೊಳೆತು ರಾಶಿ ಐವತ್ತು ಡಿಗ್ರಿಗೆ ಕಾದಾಗ ಹೆಚ್ಚಿನ ಬೂಷ್ಟುಗಳು ಕೈಚೆಲ್ಲುತ್ತವೆ, ಇದು ಸುಖವಾಗಿ ಬೆಳೆಯುತ್ತದೆ. ನೆದರ್ಲೆಂಡ್ಸ್‌ನವರು ತಮ್ಮ ಹೂಗೆಡ್ಡೆಗಳ ತ್ಯಾಜ್ಯದ ರಾಶಿಯಲ್ಲಿ ಇಂತಹ ಪದವೀಧರರನ್ನು ಪತ್ತೆ ಹಚ್ಚಿದ್ದಾರೆ. ನಮ್ಮ ರಾಶಿಗಳಿಗೆ ಪರೀಕ್ಷಕರು ಹೋಗುವುದೇ ಅಪರೂಪವಾದ್ದರಿಂದ ಫಲಿತಾಂಶ ಸದಾ ನೂರಕ್ಕೆ ನೂರು.

ಜೆಸಿಬಿ ರಾಶಿಯನ್ನು ಮಗುಚಿದಾಗ ಹಬೆಯೊಡನೆ ಬೂದುಬಣ್ಣದ ಧೂಳು ಏಳುತ್ತದೆ. ಜರಡಿಯ ಬಳಿ ನಿಂತ ಹೆಂಗಸಿನ ಎರಡೂ ಕೈಗಳು ಪ್ಲಾಸ್ಟಿಕ್ ಆಯುತ್ತಿರುವುದರಿಂದ ಆಕೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಮೂಗು ಮುಚ್ಚಿಕೊಳ್ಳುತ್ತಾಳೆ. ಆ ಧೂಳಿನಲ್ಲಿರುವ ಬೂಷ್ಟಿನ ಬೀಜಕಣದ ಗಾತ್ರ ಎರಡು ಮೂರು ಮೈಕ್ರಾನ್, ಅಂದರೆ ಕೂದಲೆಳೆಯೊಂದರ ಅಡ್ಡಗಲಕ್ಕೆ ಇಪ್ಪತ್ತು ಕಣಗಳು ಸಾಲಾಗಿ ಕೂರಬಹುದು. ನೂಲಿನ ಸೀರೆ ಅವುಗಳಿಗೆ ಹೆಬ್ಬಾಗಿಲು. ಆಕೆಗೆ ಕೆಮ್ಮು ಹತ್ತಿ ತಿಂಗಳುಗಳಾದರೆ, ಎಕ್ಸ್‌ರೇಯಲ್ಲಿ ಈ ಸೋಂಕು ಕ್ಷಯದಂತೆಯೇ ಕಾಣುವುದರಿಂದ, ಟಿಬಿ ಮಾತ್ರೆ ಸಿಗುವ ಸಾಧ್ಯತೆಯೇ ಹೆಚ್ಚು. ಜತೆಗೆ, ಬೀಡಿಯನ್ನು ಮುಟ್ಟಿಯೂ ನೋಡದವಳಿಗೆ ಬೀಡಿ ಬಿಡಬೇಕೆಂಬ ಉಪದೇಶ ಉಚಿತ.

ಹಾಗೆಂದು ಆಡಳಿತ ಸುಮ್ಮನೆ ಕೂತಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಕೈಗವಸು, ಪಾದರಕ್ಷೆ, ಮಾಸ್ಕ್ ಎಲ್ಲವೂ ಇದ್ದವು. ಅವುಗಳ ವಿತರಣಾ ಸಮಾರಂಭದಲ್ಲಿ ಸಾಲಾಗಿ ನಿಂತ ಕಾರ್ಮಿಕರು, ಬಟ್ಟೆಯ ಮಾಸ್ಕನ್ನು ಮುಖ ಕಾಣಲೆಂದು ಗದ್ದಕ್ಕೆ ಇಳಿಸಿಕೊಂಡು, ಫೋಟೊಗೆ ನಗುತ್ತಾರೆ. ಸ್ವಾಗತ ಭಾಷಣಕ್ಕೆ ನಲವತ್ತು ನಿಮಿಷ ಸಲ್ಲುತ್ತದೆ, ಮಾಸ್ಕ್ ಏಕೆ ಎಂಬ ವಿವರಣೆಗೆ ಸಮಯಾಭಾವ. ಗಣ್ಯರು ಹೊರಟ ಮೇಲೆ ವೇದಿಕೆಯ ಮೇಲೆ ಉಳಿದ ಸೇವಂತಿಗೆ ಹಾರಗಳನ್ನು, ಕೀಳುವ ಹಿಂದಿನ ವಾರವಷ್ಟೇ ಔಷಧಿ ಹೊಡೆಸಿಕೊಂಡ ಆ ಹೂಗಳನ್ನು, ಅದೇ ಹೆಂಗಸು ಹಸಿಕಸದ ಬುಟ್ಟಿಗೆ ತುಂಬಿ ರಾಶಿಗೆ ಒಯ್ಯುತ್ತಾಳೆ.